ಮೈಸೂರಿನ ಒಂದು ಹೊಸ ಲಾನು: ಮೂರು ವಾರದ ಹಸಿರಲ್ಲಿ ಅರ್ಧ ಕಳೆ

ಮೈಸೂರಿನ ಹೊರವಲಯದ ಒಂದು ಬಡಾವಣೆ. ಹೊಸ ಮನೆ, ಮುಂದೆ ಸುಮಾರು 800 ಚದರಡಿ ಖಾಲಿ ಜಾಗ. ಮನೆಯವರಿಗೆ ಅಲ್ಲಿ ಲಾನು ಬೇಕಿತ್ತು. ಹುಲ್ಲಿನ ಹಾಸು ತರಿಸಿ ಹಾಸಿದರೆ ಖರ್ಚು ಜಾಸ್ತಿ ಅಂತ ಬರ್ಮುಡಾ ಬೀಜ ಹಾಕಿಸಿದರು. ಬರ್ಮುಡಾ ಅಂದರೆ ಬೇರೇನಲ್ಲ, ಗಣೇಶನಿಗೆ ಏರಿಸುವ ನಮ್ಮ ಗರಿಕೆಯೇ. ಬಿತ್ತಿದ್ದು ಮೇ ಕೊನೆಯಲ್ಲಿ. ಜೂನ್ ಮೂರನೇ ವಾರದ ಹೊತ್ತಿಗೆ ಅಂಗಳವೆಲ್ಲ ಹಸಿರಾಯಿತು. ಆಮೇಲೆ ಒಂದು ವಾರ ಬಿಟ್ಟು ನನಗೆ ಫೋನ್ ಬಂತು: "ಹುಲ್ಲು ಚೆನ್ನಾಗೇ ಬಂದಿದೆ ಸಾರ್, ಆದ್ರೆ ಒಂದೊಂದು ಕಡೆ ಒಂದೊಂದು ಥರ ಇದೆ. ಅಂಗಡಿಯವರು ಒಂದು ಔಷಧಿ ಕೊಟ್ಟಿದ್ದಾರೆ. ಹೊಡೆಸಿಬಿಡ್ಲಾ?"

ಬೇಡ, ಬಂದು ನೋಡ್ತೀನಿ ಅಂದೆ. ಹೋಗಿ ನೋಡಿದರೆ ಹಸಿರಲ್ಲಿ ಅರ್ಧಕ್ಕರ್ಧ ಕಳೆ.

ಬಿತ್ತುವ ಮೊದಲೇ ಆಗಿಹೋಗಿದ್ದು

ಮನೆ ಕಟ್ಟಿದ ಜಾಗದ ಮಣ್ಣು ಹೇಗಿರುತ್ತೆ ಗೊತ್ತಲ್ಲ. ಜಲ್ಲಿ, ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು. ಅದರ ಮೇಲೆ ಎರಡು ಟಿಪ್ಪರ್ ಮಣ್ಣು ಹೊಡೆಸಿದ್ದರು. ಆ ಮಣ್ಣು ಯಾವುದೋ ಹಳೇ ಹೊಲದ್ದು. ಮೇಲೆ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ. ಗೊಬ್ಬರ ಪೂರ್ತಿ ಕಳಿತಿರಲಿಲ್ಲ, ಅದರಲ್ಲಿ ಹುಲ್ಲಿನ ಎಸಳು ಇನ್ನೂ ಕಾಣುತ್ತಿತ್ತು ಅಂತ ಮನೆಯವರೇ ಹೇಳಿದರು. ಹಸು ತಿಂದ ಎಷ್ಟೋ ಕಳೆಬೀಜ ಜೀರ್ಣವಾಗದೆ ಸಗಣಿಯಲ್ಲಿ ಹೊರಬರುತ್ತದೆ. ತಿಪ್ಪೆ ಚೆನ್ನಾಗಿ ಕಾವು ಏರಿ ಕಳಿತರೆ ಆ ಬೀಜ ಸಾಯುತ್ತದೆ. ಅರೆಬರೆ ಕಳಿತ ಗೊಬ್ಬರ ಹಾಕಿದರೆ ಕಳೆಯನ್ನೂ ಬಿತ್ತಿದ ಹಾಗೆಯೇ.

ಇನ್ನೊಂದು ವಿಷಯ. ಮಣ್ಣು ಹೊಡೆಸಿದ ಮಾರನೆಯ ವಾರವೇ ಬೀಜ ಹಾಕಿದ್ದಾರೆ. ಏಪ್ರಿಲ್‌ನಲ್ಲೇ ಮಣ್ಣು ಹೊಡೆಸಿ, ಒಂದೆರಡು ಸಲ ನೀರು ಬಿಟ್ಟು, ಬಂದ ಕಳೆಯನ್ನು ಮೇಲೆ ಮೇಲೆ ಕೆರೆದು ತೆಗೆದಿದ್ದರೆ ಅರ್ಧ ಕೆಲಸ ಆಗ್ತಿತ್ತು. ಇಲ್ಲಿ 'ಮೇಲೆ ಮೇಲೆ' ಅನ್ನುವುದೇ ಮುಖ್ಯ. ಮೊಳೆಯುವ ಸಣ್ಣ ಕಳೆಬೀಜ ಬಹುತೇಕ ಮೇಲಿನ ಒಂದೆರಡು ಇಂಚಿನಲ್ಲಿರುತ್ತದೆ. ಆಳಕ್ಕೆ ಅಗೆದರೆ ಕೆಳಗೆ ಮಲಗಿದ್ದ ಬೀಜವನ್ನೂ ಮೇಲಕ್ಕೆ ತಂದ ಹಾಗೆ. ಗಡ್ಡೆಯಿಂದ ಚಿಗುರುವ ತುಂಗೆ ಅನ್ನುವ ಕಳೆ ಒಂದು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅದರ ವಿಷಯ ಆಮೇಲೆ.

ಬೀಜ ಮುಕ್ಕಾಲು ಕೆಜಿ ಹಾಕಿದ್ದರು. ಅಷ್ಟು ಜಾಗಕ್ಕೆ ಅದು ಸಾಕು, ಬೀಜ ಕಡಿಮೆಯಾಗಿ ಕಳೆ ಬಂದದ್ದಲ್ಲ. ನೀರು ದಿನಕ್ಕೆ ನಾಲ್ಕೈದು ಸಲ ಚಿಮುಕಿಸುತ್ತಿದ್ದರು. ಮೊಳಕೆ ಬರುವ ತನಕ ಅದು ಸರಿ. ಆದರೆ ಮೊಳಕೆ ಬಂದು ಎರಡು ವಾರವಾದರೂ ಹಾಗೇ ಮುಂದುವರಿದಿತ್ತು. ಮೇಲ್ಮಣ್ಣು ಸದಾ ಒದ್ದೆಯಾಗಿದ್ದರೆ ಗರಿಕೆಯ ಬೇರು ಕೆಳಗಿಳಿಯುವುದಿಲ್ಲ, ಕಳೆಬೀಜಕ್ಕೆ ಮಾತ್ರ ಹಬ್ಬ.

ಯಾವ ಕಳೆ ಎಲ್ಲಿದೆ

ಕಳೆ ಯಾವುದು ಅಂತ ಗುರುತಿಸುವ ಮೊದಲು ಎಲ್ಲಿದೆ ಅಂತ ನೋಡುವುದು ನನ್ನ ಅಭ್ಯಾಸ. ಒಂದು ಹಾಳೆಯಲ್ಲಿ ಅಂಗಳದ ಚಿತ್ರ ಬರೆದು ಗುರುತು ಹಾಕಿಕೊಂಡರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ಇಲ್ಲೂ ಹಾಗೇ ಆಯಿತು.

ಗೊಬ್ಬರ ಸುರಿದು ಗುಡ್ಡೆ ಹಾಕಿದ್ದ ಮೂಲೆಯಲ್ಲಿ ಕೀರೆ, ಮುಳ್ಳುಕೀರೆ, ಗೋಣಿ ಸೊಪ್ಪು ದಟ್ಟವಾಗಿದ್ದವು. ಗೇಟಿನಿಂದ ಬಾಗಿಲಿಗೆ ಜನ ಓಡಾಡಿ ಗಟ್ಟಿಯಾದ ನೆಲದಲ್ಲಿ ಅಚ್ಚೆಗಿಡ, ಜೊತೆಗೆ ನೆಲಕ್ಕೆ ಒತ್ತಿಕೊಂಡ ಒಂದು ಒರಟು ಹುಲ್ಲು. ಪಕ್ಕದ ಖಾಲಿ ಸೈಟಿನ ಕಡೆಯ ಗೋಡೆಗುಂಟ ಕಾಂಗ್ರೆಸ್ ಗಿಡದ ಮರಿಗಳು ಸಾಲುಸಾಲಾಗಿ. ಮಳೆ ನೀರು ನಿಲ್ಲುವ ತಗ್ಗಿನಲ್ಲಿ ಎರಡು ಕಡೆ ತುಂಗೆ, ಒಂದೊಂದು ಮಂಚದಗಲ. ಹೊಂಗೆ ಮರದ ನೆರಳಿನಲ್ಲಿ ಹುಳಿ ಸೊಪ್ಪು, ಅಂದರೆ ಪುಲ್ಲಂಪುರಚಿ, ಒಂದಿಷ್ಟು ಕನ್ನೆ ಸೊಪ್ಪು. ಅಲ್ಲಿ ಗರಿಕೆ ಹುಟ್ಟಿಯೇ ಇರಲಿಲ್ಲ ಅನ್ನಬೇಕು.

ಈಗ ಗುರುತಿಸುವ ಮಾತು. ಅಗಲ ಎಲೆಯವು ಸುಲಭ, ಹಳ್ಳಿ ಕಡೆಯವರಾದರೆ ನಮಗಿಂತ ಚೆನ್ನಾಗಿ ಹೇಳ್ತಾರೆ. ಕಷ್ಟ ಇರುವುದು ಹುಲ್ಲಿನ ಹಾಗೆ ಕಾಣುವ ಕಳೆಗಳಲ್ಲಿ. ಮೂರು ನಾಲ್ಕು ವಾರದ ಗರಿಕೆಯ ಎಲೆ ದಾರದಷ್ಟು ಸಣ್ಣಗಿರುತ್ತದೆ. ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಬಿಡಿಸಿ ನೋಡಿದರೆ ಸಣ್ಣ ಬಿಳಿ ಕೂದಲಿನ ಸಾಲು ಕಾಣುತ್ತದೆ. ನಾಲ್ಕನೇ ವಾರ ದಾಟಿದರೆ ಪಕ್ಕಕ್ಕೆ ಬಳ್ಳಿ ಬಿಡಲು ಶುರು ಮಾಡುತ್ತದೆ, ಆಗ ಅನುಮಾನವೇ ಇಲ್ಲ.

ಗೇಟಿನ ದಾರಿಯಲ್ಲಿದ್ದ ಒರಟು ಹುಲ್ಲಿನ ಬುಡ ಚಪ್ಪಟೆ, ಬೆಳ್ಳಗೆ. ಕಡ್ಡಿಗಳೆಲ್ಲ ಗಾಡಿ ಚಕ್ರದ ಅರಗಳ ಹಾಗೆ ಒಂದೇ ನಡುವಿನಿಂದ ಸುತ್ತಲೂ ನೆಲದ ಮೇಲೆ ಹರಡಿರುತ್ತವೆ. ಕೈಯಲ್ಲಿ ಕಿತ್ತರೆ ಸುಲಭಕ್ಕೆ ಬರುವುದಿಲ್ಲ. ಇದರ ವೈಜ್ಞಾನಿಕ ಹೆಸರು ಎಲ್ಯುಸೀನ್ ಇಂಡಿಕಾ. ನಮ್ಮ ರಾಗಿ ಎಲ್ಯುಸೀನ್ ಕೊರಕಾನ. ಒಂದೇ ಕುಲ, ಹತ್ತಿರದ ನೆಂಟ. ತೆನೆ ಬಂದಾಗ ನೋಡಿದರೆ ಬಡಕಲು ರಾಗಿ ತೆನೆಯೇ ಅನ್ನಿಸುತ್ತದೆ. ರಾಗಿ ಹೊಲದಲ್ಲಿ ಇದನ್ನು ಎಳೆಯದರಲ್ಲಿ ಪತ್ತೆ ಹಚ್ಚುವುದು ಅನುಭವಸ್ಥರಿಗೂ ಕಷ್ಟ. ಲಾನಿನಲ್ಲಿ ಅಷ್ಟು ಕಷ್ಟವಿಲ್ಲ, ಗರಿಕೆಗಿಂತ ಇದು ದಪ್ಪ.

ತುಂಗೆಯನ್ನು ಬೆರಳಿನಲ್ಲೇ ಗುರುತಿಸಬಹುದು. ಹೂ ಬಿಡುವ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ. ಮೂರು ಮೂಲೆ ಕೈಗೆ ತಾಗುತ್ತದೆ. ಕಡ್ಡಿ ಇನ್ನೂ ಬಂದಿಲ್ಲದಿದ್ದರೆ ಮೇಲಿನಿಂದ ನೋಡಿ, ಎಲೆಗಳು ಮೂರು ದಿಕ್ಕಿಗೆ ಹೊರಟಿರುತ್ತವೆ. ಎಲೆ ಹೊಳೆಯುತ್ತದೆ. ಇದು ಹುಲ್ಲೇ ಅಲ್ಲ, ಬೇರೆಯದೇ ಕುಟುಂಬ. ಕೆಲವರು ಕೊನ್ನಾರಿ ಅಂತಾರೆ, ಉತ್ತರ ಕರ್ನಾಟಕದ ಕಡೆ ಜೇಕು. ಎಲ್ಲರಿಗೂ ಇದರ ಮೇಲೆ ಒಂದೇ ಸಿಟ್ಟು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಗೋಣಿ ಸೊಪ್ಪು ಮತ್ತು ನೆಲದ ಮೇಲೆ ಹರಡುವ ಕೆಂಪು ಕಾಂಡದ ಅಚ್ಚೆ ಜಾತಿಯ ಗಿಡ ದೂರದಿಂದ ಒಂದೇ ಥರ. ಗೋಣಿ ಸೊಪ್ಪಿನ ಎಲೆ ದಪ್ಪ, ರಸಭರಿತ. ಕಾಂಡ ಮುರಿದರೆ ನೀರಿನಂಥ ರಸ. ಇನ್ನೊಂದರ ಎಲೆ ತೆಳು, ಮುರಿದರೆ ಬಿಳಿ ಹಾಲು. ಈ ಮನೆಯ ಅಜ್ಜಿ ಗೊಬ್ಬರದ ಮೂಲೆಯ ಕೀರೆ, ಗೋಣಿ ಸೊಪ್ಪು ಎಲ್ಲ ಸೇರಿಸಿ ಬೆರಕೆ ಸೊಪ್ಪಿನ ಸಾರು ಮಾಡಿದರು. ಕಳೆಗೆ ಇದಕ್ಕಿಂತ ಒಳ್ಳೆಯ ಗತಿ ಬೇಕಾ? ಆದರೆ ಹಾಲು ಬಂದದ್ದನ್ನು ಸಾರಿಗೆ ಹಾಕಬೇಡಿ. ಔಷಧಿ ಹೊಡೆದ ಜಾಗದ್ದಂತೂ ಬೇಡವೇ ಬೇಡ.

ಔಷಧಿ ಡಬ್ಬ ಅಲ್ಲೇ ಉಳಿಯಿತು

ಅಂಗಡಿಯವರು ಕೊಟ್ಟಿದ್ದು 2,4-ಡಿ. ಅಗಲ ಎಲೆಯ ಕಳೆಯನ್ನು ಕೊಲ್ಲುತ್ತೆ, ಹುಲ್ಲನ್ನು ಬಿಡುತ್ತೆ. ಕೇಳಿದರೆ ಲಾನಿಗೆ ಹೇಳಿ ಮಾಡಿಸಿದ ಹಾಗಿದೆ. ಬೇರೂರಿದ, ಹಳೆಯ ಲಾನಿಗಾದರೆ ಅದು ಸರಿ. ನಾಲ್ಕು ವಾರದ ಎಳೆ ಹುಲ್ಲಿಗೆ ಅಲ್ಲ. ಬೇರು ಗಟ್ಟಿಯಾಗದ ಸಸಿಗೆ ಅದು ಹಾನಿ ಮಾಡುತ್ತದೆ. ಸಾಮಾನ್ಯವಾಗಿ ಹೊಸ ಲಾನನ್ನು ಮೂರು ನಾಲ್ಕು ಸಲವಾದರೂ ಕತ್ತರಿಸಿ, ಹುಲ್ಲು ಬಳ್ಳಿ ಬಿಟ್ಟು ಹೆಣೆದುಕೊಳ್ಳುವವರೆಗೆ ಕಳೆನಾಶಕದ ಯೋಚನೆಯನ್ನೇ ಮಾಡಬಾರದು.

ಇನ್ನೂ ಒಂದು ಕಾರಣವಿತ್ತು. ಕಾಂಪೌಂಡಿನ ಆಚೆ ಮನೆಯವರು ಕುಂಡದಲ್ಲಿ ಟೊಮೆಟೊ ಬೆಳೆದಿದ್ದರು, ಗೋಡೆಗೆ ಹೀರೆ ಬಳ್ಳಿ ಹಬ್ಬಿಸಿದ್ದರು. ಟೊಮೆಟೊ, ಹೀರೆ, ದ್ರಾಕ್ಷಿ, ಹತ್ತಿ ಇವಕ್ಕೆಲ್ಲ 2,4-ಡಿ ಗಾಳಿಯಲ್ಲಿ ಸ್ವಲ್ಪ ತೇಲಿ ಬಂದರೂ ಸಾಕು, ಎಲೆ ಮುರುಟಿಕೊಳ್ಳುತ್ತದೆ. ಮೈಸೂರಿನ ಜೂನ್ ಗಾಳಿ ಗೊತ್ತಲ್ಲ. ಲಾನಿನ ಕಳೆಗೋಸ್ಕರ ಪಕ್ಕದ ಮನೆಯವರ ಜೊತೆ ಜಗಳ ಯಾಕೆ?

"ಹಾಗಾದ್ರೆ ಗ್ಲೈಫೋಸೇಟ್ ಹೊಡೆಸಲಾ?" ಅಂತ ಇನ್ನೊಂದು ಪ್ರಶ್ನೆ ಬಂತು. ಅದು ಹಸಿರಾಗಿರುವುದನ್ನೆಲ್ಲ ಕೊಲ್ಲುತ್ತದೆ, ಗರಿಕೆ ಸಮೇತ. ಜೊತೆಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಗ್ಲೈಫೋಸೇಟ್ ಸಿಂಪಡಣೆಯನ್ನು ಪೆಸ್ಟ್ ಕಂಟ್ರೋಲ್ ಮಾಡುವವರಿಗೆ ಮಾತ್ರ ಸೀಮಿತಗೊಳಿಸಿ ಅಧಿಸೂಚನೆ ಹೊರಡಿಸಿದೆ. ಬಿತ್ತುವ ಮೊದಲು ಖಾಲಿ ನೆಲದಲ್ಲಿ ಅದರ ಮಾತು ಬೇರೆ. ಬಿತ್ತಿದ ಮೇಲೆ ಅದಕ್ಕೆ ಇಲ್ಲಿ ಕೆಲಸವಿಲ್ಲ.

ಕಳೆ ಮೊಳೆಯದಂತೆ ಮೊದಲೇ ಹಾಕುವ ಪೆಂಡಿಮೆಥಲಿನ್ ಥರದ್ದನ್ನೂ ಕೆಲವರು ಹೊಸ ಲಾನಿಗೆ ಹೇಳುತ್ತಾರೆ. ಅದು ಮೊಳೆಯುತ್ತಿರುವ ಬೀಜವನ್ನು ತಡೆಯುವ ಔಷಧಿ. ನಿಮ್ಮ ಗರಿಕೆಯೂ ಮೊಳೆಯುತ್ತಿರುವ ಬೀಜವೇ ಅಲ್ವಾ?

ಕೈ, ಹಲಗೆ, ಸ್ಕ್ರೂಡ್ರೈವರ್

ಹಾಗಾಗಿ ಉಳಿದದ್ದು ಕೈ ಕೆಲಸ ಮತ್ತು ಮೂವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ. ಎಲ್ಲ ಕಳೆಯನ್ನೂ ಕೀಳಬೇಕಾಗಿಲ್ಲ ಅನ್ನುವುದನ್ನು ಮನೆಯವರಿಗೂ ಮಾಲಿಗೂ ಒಪ್ಪಿಸುವುದೇ ಕಷ್ಟವಾಯಿತು. ಮಾಲಿ ಒಂದೇ ದಿನ ಕೂತು ಎಲ್ಲ ಕಿತ್ತುಹಾಕಲು ತಯಾರಾಗಿದ್ದ. ಹಾಗೆ ಮಾಡಿದರೆ ಕಳೆಯ ಬೇರಿನ ಜೊತೆ ಗರಿಕೆ ಸಸಿಯೂ ಮೇಲೆ ಬರುತ್ತದೆ. ಬರಿದಾದ ಮಣ್ಣಿನಲ್ಲಿ ಮತ್ತೆ ಕಳೆಯೇ ಮೊದಲು ಹುಟ್ಟುತ್ತದೆ.

ಮೊದಲು ಕಿತ್ತಿದ್ದು ಕಾಂಗ್ರೆಸ್ ಗಿಡ. ಎಳೆಯದಿದ್ದಾಗ ಇದು ನೆಲಕ್ಕಂಟಿದ ಎಲೆಗಳ ಗೊಂಚಲು. ಮೂವರ್ ಅದರ ಮೇಲೆ ಹಾದು ಹೋಗುತ್ತದೆ, ಏನೂ ಆಗುವುದಿಲ್ಲ. ಒಂದೂವರೆ ತಿಂಗಳಿಗೆಲ್ಲ ಹೂ ಬರಬಹುದು. ಒಂದು ಬಲಿತ ಗಿಡ 15,000ಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ಆದ್ದರಿಂದ ಹೂವಿಗೆ ಮೊದಲೇ, ಮಣ್ಣು ಒದ್ದೆ ಇರುವಾಗ, ಬೇರು ಸಮೇತ. ಕೈಗವಸು ಹಾಕಿಕೊಂಡೇ ಕೀಳಬೇಕು. ಇದರಿಂದ ಚರ್ಮದ ಅಲರ್ಜಿ ಆಗುವವರು ತುಂಬಾ ಜನ. ಇದನ್ನು ತಿನ್ನುವ ಜೀರುಂಡೆಯನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಈಗಲೂ ಮಳೆಗಾಲದಲ್ಲಿ ಖಾಲಿ ಸೈಟುಗಳಲ್ಲಿ ಅದು ಎಲೆ ಮೇಯುವುದು ಕಾಣುತ್ತದೆ. ಅದೇ ಬಂದು ಲಾನು ಕಾಯುತ್ತೆ ಅಂತ ಕೂತರೆ ಮಾತ್ರ ಆಗುವುದಿಲ್ಲ.

ಆಮೇಲೆ ಆ ಚಪ್ಪಟೆ ಬುಡದ ಹುಲ್ಲು. ತೆನೆ ಬರುವ ಮೊದಲು, ಬುಡಕ್ಕೆ ಹಳೇ ಸ್ಕ್ರೂಡ್ರೈವರ್ ಇಳಿಸಿ ಮೀಟಿ ತೆಗೆದೆವು. ಗುದ್ದಲಿ ಇದಕ್ಕೆ ದೊಡ್ಡದಾಯಿತು. ಕೂರಲು ಒಂದು ಹಲಗೆ ಹಾಕಿಕೊಂಡರೆ ಭಾರ ಹರಡಿ ಎಳೆ ಹುಲ್ಲು ನಜ್ಜುಗುಜ್ಜಾಗುವುದಿಲ್ಲ. ಕಿತ್ತ ಕಡೆಯೆಲ್ಲ ಬೆರಳಿನಲ್ಲಿ ಮಣ್ಣು ಒತ್ತಿ ಮುಚ್ಚಬೇಕು.

ಗೋಣಿ ಸೊಪ್ಪನ್ನು ಕಿತ್ತು ಅಲ್ಲೇ ಎಸೆಯಬಾರದು. ಬಿಸಿಲಿಗೆ ಬಾಡಿದ ಹಾಗೆ ಕಂಡರೂ ಒಂದು ಮಳೆ ಬಂದರೆ ತುಂಡು ತುಂಡೂ ಬೇರು ಬಿಡುತ್ತದೆ. ಬುಟ್ಟಿಗೆ ಹಾಕಿ ಹೊರಗೆ ಸಾಗಿಸಿದೆವು. ಅಚ್ಚೆಗಿಡವೂ ಹೀಗೆ ಕೈಯಲ್ಲೇ ಹೋಯಿತು. ಅದಕ್ಕೆ ಒಂದೇ ತಾಯಿಬೇರು, ಬುಡ ಹಿಡಿದು ಎಳೆದರೆ ಚಾಪೆಯ ಹಾಗೆ ಎದ್ದು ಬರುತ್ತದೆ.

ಕೀರೆ, ಮುಳ್ಳುಕೀರೆ, ನೆಟ್ಟಗೆ ಬೆಳೆಯುವ ಇನ್ನಿತರ ಪುಡಿ ಗಿಡಗಳನ್ನು ಬೇಕೆಂದೇ ಬಿಟ್ಟೆವು. ಇವಕ್ಕೆ ತುದಿ ಕತ್ತರಿಸಿದರೆ ಸಾಕು. ವಾರವಾರ ಕತ್ತರಿಸುವ ಲಾನಿನಲ್ಲಿ ಇವು ಹೂ ಬಿಟ್ಟು ಬೀಜ ಕಟ್ಟುವಷ್ಟು ಏಳಲಾರವು.

ಹುಲ್ಲು ಎರಡೂವರೆ ಇಂಚು ಬಂದಾಗ ಮೊದಲ ಸಲ ಮೂವರ್ ಓಡಿಸಿದ್ದು. ನೆಲ ಆರಿರಬೇಕು, ಬ್ಲೇಡ್ ಚೂಪಾಗಿರಬೇಕು. ಮೊಂಡು ಬ್ಲೇಡ್ ಎಳೆ ಸಸಿಯನ್ನು ಕತ್ತರಿಸುವುದಿಲ್ಲ, ಕಿತ್ತುಬಿಡುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಹೀಗೆ ಕತ್ತರಿಸುತ್ತಾ ಹೋದರೆ ಗರಿಕೆ ಪಕ್ಕಕ್ಕೆ ಹಬ್ಬುತ್ತದೆ. ಅದು ಹಬ್ಬಿ ನೆಲ ಮುಚ್ಚಿದರೆ ಕಳೆಬೀಜಕ್ಕೆ ಬಿಸಿಲೇ ಸಿಗುವುದಿಲ್ಲ. ನನ್ನ ಪ್ರಕಾರ ಈ ಲಾನಿನಲ್ಲಿ ಕೈಗಿಂತ ಹೆಚ್ಚು ಕಳೆ ತೆಗೆದದ್ದು ಮೂವರ್.

ನೀರನ್ನು ಬದಲಾಯಿಸಿದೆವು. ಚಿಮುಕಿಸುವುದು ಬಿಟ್ಟು, ಮಳೆ ಇಲ್ಲದ ದಿನ ನೋಡಿ, ಎರಡು ಮೂರು ದಿನಕ್ಕೊಮ್ಮೆ ನಾಲ್ಕು ಇಂಚು ಇಳಿಯುವಷ್ಟು. ಮೊದಲ ಕಟಾವಿನ ಮೇಲೆ ಚದರ ಮೀಟರಿಗೆ 5 ಗ್ರಾಂನಂತೆ ಯೂರಿಯಾ ಎರಚಿ ತಕ್ಷಣ ನೀರು ಕೊಟ್ಟದ್ದು, ಅಷ್ಟೇ ಗೊಬ್ಬರ.

ತುಂಗೆಯ ಜೊತೆ ಗುದ್ದಾಟ

ಉಳಿದ ಕಳೆಗಳೆಲ್ಲ ಒಂದು ತೂಕ, ತುಂಗೆ ಒಂದೇ ಒಂದು ತೂಕ. ಲೋಕದ ಅತಿ ಕೆಟ್ಟ ಕಳೆ ಅಂತ ಕಳೆ ತಜ್ಞರು ಪಟ್ಟ ಕಟ್ಟಿರುವುದು ಇದಕ್ಕೇ.

ಕಾರಣ ನೆಲದ ಕೆಳಗಿದೆ. ಒಂದು ಗಡ್ಡೆಯಿಂದ ತಂತಿಯಂಥ ಬೇರುಕಾಂಡ, ಅದರ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಸರ ಪೋಣಿಸಿದ ಹಾಗೆ. ಸರದ ಮುಂದಿನ ಗಡ್ಡೆ ಜೀವಂತ ಇರುವ ತನಕ ಹಿಂದಿನವು ನಿದ್ದೆಯಲ್ಲಿರುತ್ತವೆ. ಮೇಲಿನ ಗಿಡವನ್ನು ನೀವು ಎಳೆದರೆ ಕಾಂಡ ಪಟ್ಟನೆ ತುಂಡಾಗಿ ಕೈಗೆ ಬರುತ್ತದೆ, ಗಡ್ಡೆ ಕೆಳಗೇ ಉಳಿಯುತ್ತದೆ. ಸರ ತುಂಡಾದರೆ ಮಲಗಿದ್ದ ಗಡ್ಡೆಗಳೂ ಎದ್ದು ಚಿಗುರುತ್ತವೆ. ಹಾಗಾಗಿಯೇ "ಒಂದು ಕಿತ್ತರೆ ನಾಲ್ಕು ಬರುತ್ತೆ" ಅಂತ ಜನ ಹೇಳುವುದು ಸುಳ್ಳಲ್ಲ. ಲಾನು ಕತ್ತರಿಸಿದ ಎರಡೇ ದಿನಕ್ಕೆ ಗರಿಕೆಗಿಂತ ಎತ್ತರವಾಗಿ ನಿಂತು ಇಲ್ಲಿದ್ದೀನಿ ಅಂತ ತೋರಿಸುತ್ತದೆ.

ತಗ್ಗಿನ ಎರಡು ಜಾಗಗಳನ್ನು ಉಳಿಸಿಕೊಳ್ಳುವ ಆಸೆ ಬಿಟ್ಟೆವು. ಒಂದಡಿ ಆಳಕ್ಕೆ ಅಗೆದು, ಮಣ್ಣನ್ನು ಜರಡಿ ಹಿಡಿದು, ಗಡ್ಡೆ ಆರಿಸಿದ್ದಾಯಿತು. ಗಡ್ಡೆಯ ಬಹುಪಾಲು ಮೇಲಿನ ಆರು ಇಂಚಿನಲ್ಲೇ ಇತ್ತು. ಮೈಮುರಿಯುವ ಕೆಲಸ, ಇಡೀ ಲಾನಿಗೆ ಇದನ್ನು ಯಾರಿಗೂ ಹೇಳಲಾರೆ. ಎರಡು ಮಂಚದಗಲಕ್ಕೆ ಸರಿ. ಆರಿಸಿದ ಗಡ್ಡೆಯನ್ನು ತಿಪ್ಪೆಗೆ ಹಾಕಲು ಬಿಡಲಿಲ್ಲ, ತಾರಸಿ ಮೇಲೆ ಒಣಗಿಸಿ ಸುಟ್ಟರು. ತಗ್ಗನ್ನು ಏರಿಸಿ ನೀರು ನಿಲ್ಲದ ಹಾಗೆ ಮಾಡಿದ ಮೇಲೆ, ದಟ್ಟವಾಗಿ ಬಂದಿದ್ದ ಕಡೆಯಿಂದ ಗರಿಕೆ ಬಳ್ಳಿಯ ತುಂಡುಗಳನ್ನು ಕಿತ್ತು ಅಂಗೈ ಅಂತರಕ್ಕೆ ನೆಟ್ಟೆವು. ಮತ್ತೆ ಬೀಜ ಹಾಕುವುದಕ್ಕಿಂತ ಇದು ಬೇಗ ಮುಚ್ಚುತ್ತದೆ.

ಅಲ್ಲಲ್ಲಿ ಚದುರಿದ್ದ ತುಂಗೆಗೆ ಅಗೆತ ಬೇಡ. ಅದಕ್ಕೆ ಬೇಕಾದದ್ದು ಬಿಡದೆ ಕೀಳುವುದು. ಚಿಗುರು ಮೇಲೆ ಬಂದ ಮೇಲೆ ಹೊಸ ಗಡ್ಡೆ ಕಟ್ಟಲು ಅದಕ್ಕೆ ಮೂರು ನಾಲ್ಕು ವಾರ ಬೇಕು. ಅಷ್ಟರೊಳಗೆ ಕಿತ್ತರೆ ಹಳೆಯ ಗಡ್ಡೆಯ ಗಂಟು ಖರ್ಚಾಗುತ್ತದೆ, ಹೊಸದು ಸೇರುವುದಿಲ್ಲ. ಹತ್ತು ಹನ್ನೆರಡು ದಿನಕ್ಕೊಮ್ಮೆ ಬೆಳಗಿನ ಕಾಫಿ ಕುಡಿದು ಒಂದು ಸುತ್ತು ಹಾಕಿ ಕಂಡದ್ದನ್ನೆಲ್ಲ ಕೀಳುವುದು ಯಜಮಾನರ ಪಾಲಿಗೆ ಬಂತು. ಒಂದು ಸಲ ತಿಂಗಳು ಬಿಟ್ಟರೆ ಹಿಂದಿನದೆಲ್ಲ ದಂಡ ಅಂತ ಹೇಳಿದ್ದೆ. ಅವರು ಬಿಡಲಿಲ್ಲ.

ತುಂಗೆಗೆ ಅಂತಲೇ ಹ್ಯಾಲೋಸಲ್ಫುರಾನ್ ಅನ್ನುವ ಔಷಧಿ ಸಿಗುತ್ತದೆ, ಇಲ್ಲಿ ಕಬ್ಬಿನ ಗದ್ದೆಗಳಲ್ಲಿ ಬಳಸುತ್ತಾರೆ. ಹೊರದೇಶಗಳಲ್ಲಿ ಬಲಿತ ಗರಿಕೆ ಲಾನಿಗೂ ಹೊಡೆಯುತ್ತಾರೆ. ಮೊದಲ ವರ್ಷದ ಈ ಲಾನಿಗೆ ಅದನ್ನು ನಾನು ಹೇಳಲಿಲ್ಲ. ಇಷ್ಟು ಚಿಕ್ಕ ಜಾಗಕ್ಕೆ ಚಿಟಿಕೆಗಿಂತಲೂ ಕಡಿಮೆ ಪುಡಿ ತೂಗಬೇಕು, ಮನೆಯಲ್ಲಿ ಅಷ್ಟು ಸರಿಯಾಗಿ ತೂಗುವವರು ಯಾರು?

ಮರದ ಕೆಳಗೆ ಸೋಲು

ಹೊಂಗೆ ಮರದ ಕೆಳಗಿನ ಹುಳಿ ಸೊಪ್ಪನ್ನು ಎರಡು ಸಲ ಕಿತ್ತೆವು, ಎರಡು ಸಲವೂ ಬಂತು. ಅದರ ಕಾಯಿ ಬಲಿತಾಗ ಮುಟ್ಟಿದರೆ ಸಿಡಿದು ಬೀಜ ಚಿಮ್ಮುತ್ತದೆ. ಬಳ್ಳಿ ಹೋದಲ್ಲೆಲ್ಲ ಗೆಣ್ಣಿಗೆ ಬೇರು. ಆದರೆ ಅಲ್ಲಿನ ನಿಜವಾದ ತೊಂದರೆ ಹುಳಿ ಸೊಪ್ಪಲ್ಲ, ನೆರಳು. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅದು ಬಾರದ ಕಡೆ ಯಾವುದಾದರೂ ಒಂದು ಕಳೆ ಬಂದೇ ಬರುತ್ತದೆ. ಮರ ಕಡಿಯುವ ಮಾತು ಬಂದಾಗ ನಾನೇ ತಡೆದೆ. ಲಾನಿನ ಅಂಚನ್ನು ಮರದಿಂದ ಈಚೆ ಎಳೆದು, ಕೆಳಗೆ ನೆರಳು ತಾಳುವ ಗಿಡಗಳನ್ನು ಇಟ್ಟು, ಸುತ್ತ ತರಗೆಲೆ ಹರಡಿಸಿದ್ದಾಯಿತು. ಗೇಟಿನ ದಾರಿಗೂ ಅಷ್ಟೇ. ದಿನಾ ತುಳಿಯುವ ನೆಲದಲ್ಲಿ ಹುಲ್ಲು ಬರಲಿ ಅನ್ನುವ ಹಟ ಬಿಟ್ಟು ಕಲ್ಲಿನ ಚಪ್ಪಡಿ ಹಾಸಿದರು. ಅಚ್ಚೆಗಿಡ ಅಲ್ಲಿಂದ ಕಾಲ್ಕಿತ್ತಿತು.

ಅಕ್ಟೋಬರ್ ಹೊತ್ತಿಗೆ

ಗಣೇಶನ ಹಬ್ಬದ ಹೊತ್ತಿಗೆ ಲಾನಿನ ಮುಕ್ಕಾಲು ಭಾಗ ನೆಲ ಕಾಣದಂತೆ ಹೆಣೆದುಕೊಂಡಿತ್ತು. ಕೀರೆ ಜಾತಿಯವು ಮೂವರ್ ಬ್ಲೇಡಿಗೆ ಸಿಕ್ಕಿ ಪೂರ್ತಿ ಹೋಗಿದ್ದವು. ಒರಟು ಹುಲ್ಲು ದಾರಿಯ ಅಂಚಿನಲ್ಲಿ ಒಂದೊಂದು. ಅಗೆದ ಜಾಗಗಳಲ್ಲಿ ತುಂಗೆ ಮತ್ತೆ ಇಣುಕಿತ್ತು, ಆದರೆ ಬೆರಳೆಣಿಕೆಯಷ್ಟು. ಅಕ್ಟೋಬರ್ ಮಳೆಗೆ ಇನ್ನೊಂದಿಷ್ಟು ಬಂತು, ಅದನ್ನೂ ಕಿತ್ತರು. ಒಂದೇ ವರ್ಷದಲ್ಲಿ ತುಂಗೆ ಪೂರ್ತಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮುಂದಿನ ಮುಂಗಾರಿನಲ್ಲೂ ಆ ಬೆಳಗಿನ ಸುತ್ತು ನಡೆಯಲೇಬೇಕು.

ಔಷಧಿ ಡಬ್ಬದ ಸೀಲು ಒಡೆದಿರಲಿಲ್ಲ, ವಾಪಸ್ ಕೊಟ್ಟು ಬಂದರು. ಉಳಿದ ಒಂದು ಕೆಲಸ ಕಾಂಪೌಂಡಿನ ಆಚೆ ಇದೆ. ಪಕ್ಕದ ಖಾಲಿ ಸೈಟಿನ ಮಾಲೀಕರು ಬೇರೆ ಊರಲ್ಲಿದ್ದಾರೆ. ಫೋನ್ ಮಾಡಿ ಒಪ್ಪಿಸಿ, ಅಕ್ಕಪಕ್ಕದ ಮೂರು ಮನೆಯವರು ಖರ್ಚು ಹಂಚಿಕೊಂಡು, ಜೂನ್‌ನಲ್ಲಿ ಹೂ ಬರುವ ಮೊದಲೇ ಅಲ್ಲಿನ ಕಾಂಗ್ರೆಸ್ ಗಿಡ ಕೀಳಿಸುವುದು ಅಂತ ಮಾತಾಗಿದೆ. ಕೂಲಿಯವರಿಗೆ ಕೈಗವಸು ಕೊಡಿಸುವ ಖರ್ಚನ್ನೂ ಅದರಲ್ಲೇ ಸೇರಿಸಿದ್ದಾರೆ.